ಜೀವರಾಶಿಯ ವರ್ಗೀಕರಣವೂ ಶ್ರಾವಕನ ಹೊಣೆಯೂ

ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದಲ್ಲಿ ಅಹಿಂಸಾದಿ ವ್ರತಗಳ ವಿಚಾರ ಬರುವುದು ಏಳನೆಯ ಅಧ್ಯಾಯದಲ್ಲಿ. ಆದರೆ ಜೀವಗಳ ಭೇದ-ಪ್ರಭೇದಗಳ ವಿಚಾರ ಎರಡನೆಯ ಅಧ್ಯಾಯದಲ್ಲಿಯೇ ಬಂದುಬಿಡುತ್ತದೆ. ಈ ಕ್ರಮ ಆಕಸ್ಮಿಕವಲ್ಲ. ಯಾವುದನ್ನು ಹಿಂಸಿಸಬಾರದೋ ಅದು ಯಾವುದು, ಎಲ್ಲಿದೆ, ಹೇಗೆ ಬದುಕುತ್ತದೆ ಎಂಬುದನ್ನು ಅರಿಯದವನು ವ್ರತವನ್ನು ಹೇಗೆ ಪಾಲಿಸಿಯಾನು? ಮೊದಲು ಜ್ಞಾನ, ಆಮೇಲೆ ದಯೆ ಎಂಬುದು ನಮ್ಮ ಪರಂಪರೆಯ ನಿಲುವು. ಆದಕಾರಣ ಜೀವಿಗಳ ವರ್ಗೀಕರಣವು ಜೈನನಿಗೆ ಕಾಲೇಜಿನ ಪ್ರಾಣಿಶಾಸ್ತ್ರದ ಪಾಠ ಮಾತ್ರವಲ್ಲ, ಚಾರಿತ್ರದ ಮೊದಲ ಮೆಟ್ಟಿಲು.

ಸಂಸಾರೀ ಜೀವಗಳು ತ್ರಸ ಮತ್ತು ಸ್ಥಾವರ ಎಂದು ಎರಡು ಬಗೆ. ಪೃಥ್ವೀಕಾಯ, ಜಲಕಾಯ, ತೇಜಸ್ಕಾಯ, ವಾಯುಕಾಯ, ವನಸ್ಪತಿಕಾಯ ಎಂಬ ಐದೂ ಸ್ಥಾವರಗಳು. ಇವುಗಳಿಗೆ ಸ್ಪರ್ಶವೊಂದೇ ಇಂದ್ರಿಯ. ಹುಳು ಮೊದಲಾದವುಗಳಿಗೆ ರಸನೆ ಸೇರಿ ಎರಡು, ಇರುವೆ ಮೊದಲಾದವುಗಳಿಗೆ ಘ್ರಾಣ ಸೇರಿ ಮೂರು, ದುಂಬಿ ಮೊದಲಾದವುಗಳಿಗೆ ಚಕ್ಷು ಸೇರಿ ನಾಲ್ಕು, ಪಶು-ಪಕ್ಷಿ-ಮನುಷ್ಯರಿಗೆ ಶ್ರೋತ್ರ ಸೇರಿ ಐದು. ಪಂಚೇಂದ್ರಿಯ ತಿರ್ಯಂಚಗಳಲ್ಲಿ ಮತ್ತೆ ಜಲಚರ, ಸ್ಥಲಚರ, ನಭಚರ ಎಂಬ ಭೇದಗಳು. ವನಸ್ಪತಿಯಲ್ಲಿ ಒಂದು ಶರೀರಕ್ಕೆ ಒಂದೇ ಜೀವವಿರುವ ಪ್ರತ್ಯೇಕ ಮತ್ತು ಒಂದೇ ಶರೀರದಲ್ಲಿ ಅನಂತ ಜೀವಗಳಿರುವ ಸಾಧಾರಣ ಎಂಬ ಎರಡು ಬಗೆ. ಕಂದಮೂಲಗಳನ್ನು ನಮ್ಮ ಮನೆಗಳಲ್ಲಿ ವರ್ಜಿಸುವ ಪದ್ಧತಿಯ ಬೇರು ಇಲ್ಲಿಯೇ ಇದೆ. ಪಾಠಶಾಲೆಯ ಮಕ್ಕಳಿಗೂ ಕಂಠಪಾಠವಾಗಿರುವ ಇಷ್ಟನ್ನು ಮತ್ತೆ ಬರೆದದ್ದೇಕೆಂದರೆ, ಕಂಠಪಾಠವಾದ ವಿಷಯವನ್ನು ನಾವು ವಿಚಾರಿಸುವುದನ್ನು ಬಿಟ್ಟುಬಿಡುತ್ತೇವೆ.

ಇಂದಿನ ಜೀವಶಾಸ್ತ್ರದ ವರ್ಗೀಕರಣದ ದಾರಿ ಬೇರೆ. ಸ್ವೀಡನ್ ದೇಶದ ಲಿನ್ನೇಯಸ್ ಎಂಬ ವಿದ್ವಾಂಸನು 1753ರಲ್ಲಿ ಸಸ್ಯಗಳಿಗೂ 1758ರಲ್ಲಿ ಪ್ರಾಣಿಗಳಿಗೂ ಎರಡು ಪದಗಳ ಲ್ಯಾಟಿನ್ ಹೆಸರು ಕೊಡುವ ಪದ್ಧತಿಯನ್ನು ನೆಲೆಗೊಳಿಸಿದನು. ಅಂಗರಚನೆಯ ಸಾಮ್ಯವನ್ನು ಹಿಡಿದು ಜಾತಿ, ಕುಲ, ವಂಶ, ವರ್ಗ ಎಂದು ಒಂದರೊಳಗೊಂದು ಕೂಡಿಸುತ್ತ ಹೋಗುವ ಕ್ರಮವದು. 1969ರಲ್ಲಿ ವಿಟ್ಟೇಕರ್ ಎಂಬುವರು ಸಕಲ ಜೀವಿಗಳನ್ನು ಐದು ಸಾಮ್ರಾಜ್ಯಗಳಾಗಿ ವಿಂಗಡಿಸಿದರು. ನಮ್ಮ ಮಕ್ಕಳ ಪಠ್ಯಪುಸ್ತಕಗಳಲ್ಲಿ ಇರುವುದು ಬಹುಮಟ್ಟಿಗೆ ಇದೇ. ಅನಂತರ ಜೀವಕೋಶದೊಳಗಿನ ಅಣುಗಳನ್ನು ಹೋಲಿಸಿ ನೋಡುವ ವಿದ್ಯೆ ಬಂದು, ಹಳೆಯ ಗೆರೆಗಳು ಅನೇಕ ಕಡೆ ಅಳಿಸಿ ಹೊಸ ಗೆರೆಗಳು ಬಿದ್ದಿವೆ. ಅಣಬೆ ಸಸ್ಯವಲ್ಲವೆಂದೂ, ವಂಶದ ದೃಷ್ಟಿಯಿಂದ ಅದು ಗಿಡಕ್ಕಿಂತ ಪ್ರಾಣಿಗೆ ಹತ್ತಿರವೆಂದೂ ಈಗ ತಿಳಿದಿದೆ.

ಈ ಎರಡು ವರ್ಗೀಕರಣಗಳನ್ನು ಎದುರೆದುರು ಇಟ್ಟಾಗ ನಮ್ಮವರಲ್ಲಿ ಒಂದು ಚಪಲ ಕಾಣಿಸುತ್ತದೆ. 2011ರಲ್ಲಿ ಕೆಲವು ವಿಜ್ಞಾನಿಗಳು ಭೂಮಿಯ ಮೇಲೆ ಸುಮಾರು 87 ಲಕ್ಷ ಜೀವಿಜಾತಿಗಳಿರಬಹುದು, ಹೆಚ್ಚು-ಕಡಿಮೆ 13 ಲಕ್ಷ ಅತ್ತಿತ್ತ ಎಂದು ಅಂದಾಜು ಮಾಡಿದರು. ಕೂಡಲೇ ಪ್ರವಚನಗಳಲ್ಲಿ ‘ನೋಡಿರಿ, ನಮ್ಮ 84 ಲಕ್ಷ ಯೋನಿಗಳ ಲೆಕ್ಕವನ್ನು ವಿಜ್ಞಾನವೂ ಒಪ್ಪಿತು’ ಎಂಬ ಮಾತು ಕೇಳಿಬರತೊಡಗಿತು. ವ್ಯಾಪಾರದಲ್ಲಿ ಕಿರ್ದಿ-ಖತಾವಣಿ ನೋಡಿ ಬೆಳೆದ ನನಗೆ ಮೊತ್ತ ತಾಳೆಯಾದ ಮಾತ್ರಕ್ಕೆ ಲೆಕ್ಕ ತಾಳೆಯಾಯಿತು ಅನ್ನಿಸುವುದಿಲ್ಲ. ಒಳಗಿನ ಬಾಬುಗಳನ್ನು ನೋಡಬೇಕು. ನಮ್ಮ ಲೆಕ್ಕದಲ್ಲಿ ನಿತ್ಯನಿಗೋದ, ಇತರನಿಗೋದ, ಪೃಥ್ವಿ, ಜಲ, ಅಗ್ನಿ, ವಾಯು ಇವುಗಳಿಗೆ ಏಳೇಳು ಲಕ್ಷ. ಪ್ರತ್ಯೇಕ ವನಸ್ಪತಿಗೆ ಹತ್ತು ಲಕ್ಷ. ಎರಡು, ಮೂರು, ನಾಲ್ಕು ಇಂದ್ರಿಯದವುಗಳಿಗೆ ಎರಡೆರಡು ಲಕ್ಷ. ದೇವ, ನಾರಕಿ, ಪಂಚೇಂದ್ರಿಯ ತಿರ್ಯಂಚಗಳಿಗೆ ನಾಲ್ಕು ನಾಲ್ಕು ಲಕ್ಷ. ಮನುಷ್ಯನಿಗೆ ಹದಿನಾಲ್ಕು ಲಕ್ಷ. ಜೀವಶಾಸ್ತ್ರದ ಪುಸ್ತಕದಲ್ಲಿ ಮನುಷ್ಯನು ಒಂದೇ ಒಂದು ಜಾತಿ. ದೇವ-ನಾರಕಿಗಳ ಬಾಬು ಅಲ್ಲಿ ಇಲ್ಲವೇ ಇಲ್ಲ. ಅವರ ಎಣಿಕೆಯಲ್ಲಿ ಕೀಟಗಳ ಪಾಲು ಬಹುದೊಡ್ಡದು, ನಮ್ಮಲ್ಲಿ ವಿಕಲೇಂದ್ರಿಯಗಳೆಲ್ಲ ಸೇರಿ ಆರು ಲಕ್ಷ. ಯೋನಿ ಎಂಬುದು ಜೀವವು ಜನ್ಮ ತಾಳುವ ಸ್ಥಾನದ ಭೇದ. ಜಾತಿ ಎಂಬುದು ತಮ್ಮೊಳಗೆ ಸಂತಾನ ಬೆಳೆಸುವ ಜೀವಿಗಳ ಸಮುದಾಯ. ಎರಡು ಬೇರೆ ಬೇರೆ ಪದಾರ್ಥಗಳನ್ನು ಒಂದೇ ತಕ್ಕಡಿಯಲ್ಲಿ ಹಾಕಿ ಸಮವಾಯಿತೆಂದರೆ ಆಗಮಕ್ಕೂ ನ್ಯಾಯವಿಲ್ಲ, ವಿಜ್ಞಾನಕ್ಕೂ ನ್ಯಾಯವಿಲ್ಲ. ಅಲ್ಲದೆ ನಾಳೆ ಆ ಅಂದಾಜು 50 ಲಕ್ಷಕ್ಕೆ ಇಳಿದರೆ ಅಥವಾ ಕೋಟಿಗೆ ಏರಿದರೆ ನಾವೇನು ಮಾಡುವುದು?

ಇದರ ಇನ್ನೊಂದು ಮುಖವೂ ಇದೆ. ನಮ್ಮ ಗ್ರಂಥಗಳು ಮೂರು ಇಂದ್ರಿಯದ್ದೆನ್ನುವ ಇರುವೆಗೆ, ಬಹುತೇಕ ಪ್ರಭೇದಗಳಲ್ಲಿ, ಕಣ್ಣುಗಳಿವೆ. ಕುಂದಕುಂದಾಚಾರ್ಯರ ಪಂಚಾಸ್ತಿಕಾಯದಲ್ಲಿ ಚೇಳು ಸಹ ಇರುವೆ-ತಿಗಣೆಗಳ ಪಂಕ್ತಿಯಲ್ಲಿಯೇ ಬರುತ್ತದೆ. ಚೇಳಿಗೆ ತಲೆಯ ಮೇಲೊಂದು ಜೊತೆ, ಬದಿಗಳಲ್ಲಿ ಇನ್ನಷ್ಟು ಕಣ್ಣುಗಳಿರುವುದನ್ನು ಭೂತಗನ್ನಡಿಯಿಂದ ಯಾರಾದರೂ ನೋಡಬಹುದು. ಇದನ್ನು ಕೇಳಿ ಕಾಲೇಜಿಗೆ ಹೋಗುವ ಹುಡುಗರು ನಗುತ್ತಾರೆ, ಹಿರಿಯರು ಸಿಟ್ಟಾಗುತ್ತಾರೆ. ನನ್ನ ಅಲ್ಪಮತಿಗೆ ತೋಚಿದಂತೆ ಎರಡೂ ಅನವಶ್ಯ. ಪ್ರಾಚೀನ ಆಚಾರ್ಯರು ವಿಂಗಡಿಸಿದ್ದು ವಸ್ತುಸಂಗ್ರಹಾಲಯದ ಕಪಾಟುಗಳನ್ನು ಜೋಡಿಸುವುದಕ್ಕಲ್ಲ. ನಡೆಯುವವನು ಹೆಜ್ಜೆಯಿಡುವ ಮುನ್ನ ಏನನ್ನು ನೋಡಬೇಕು, ಅಡಿಗೆಯವಳು ಒಲೆ ಹೊತ್ತಿಸುವ ಮುನ್ನ ಏನನ್ನು ಕೊಡವಬೇಕು ಎಂಬುದನ್ನು ಕಲಿಸುವುದಕ್ಕೆ. ನೋವನ್ನು ಅನುಭವಿಸುವ ಶಕ್ತಿಯೇ ಅಲ್ಲಿಯ ಅಳತೆಗೋಲು. ಇರುವೆಗೆ ಕಣ್ಣಿದೆ ಎಂದು ತಿಳಿದ ಮೇಲೆ ಶ್ರಾವಕನ ಎಚ್ಚರ ಒಂದು ಪಟ್ಟು ಹೆಚ್ಚಬೇಕೇ ಹೊರತು ಶಾಸ್ತ್ರವೇನೂ ಕುಸಿಯುವುದಿಲ್ಲ.

ಇಷ್ಟು ಪೀಠಿಕೆಯಾಯಿತು. ನಾನು ವಿಚಾರಿಸಬೇಕೆಂದಿರುವ ಪ್ರಶ್ನೆ ಬೇರೆ.

ನಮ್ಮ ಹುಲಿಹೈದರ ಊರಿನ ಹೆಸರಿನಲ್ಲಿ ಹುಲಿ ಇದೆ. ಹೆಸರಿನ ಮೂಲ ಏನೇ ಇರಲಿ, ಸುತ್ತಿನ ಕಲ್ಲುಗುಡ್ಡಗಳಲ್ಲಿ ಇಂದು ಹುಲಿಯಿಲ್ಲ. ಆದರೆ ತೋಳವಿದೆ. ಗಂಗಾವತಿ ಸೀಮೆಯ ಬಂಕಾಪುರದ ಹತ್ತಿರ ಸುಮಾರು 332 ಹೆಕ್ಟೇರ್ ಕುರುಚಲು ನೆಲವನ್ನು ರಾಜ್ಯ ಸರಕಾರವು ಈಚಿನ ವರ್ಷಗಳಲ್ಲಿ ತೋಳಧಾಮವಾಗಿ ಗುರುತಿಸಿತು. ಕರ್ನಾಟಕದಲ್ಲಿ ತೋಳಕ್ಕೆಂದೇ ಮೀಸಲಾದ ಮೊದಲ ಧಾಮವಿದು; ದೇಶದಲ್ಲಿ ಇದಕ್ಕೆ ಮುಂಚೆ 1976ರಷ್ಟು ಹಿಂದೆ ಇಂದಿನ ಝಾರ್ಖಂಡದ ಮಹುವಾಡಾಂಡದಲ್ಲಿ ಒಂದು ಆಗಿತ್ತು. (ಉತ್ತರಪುರಾಣದ ಪ್ರಶಸ್ತಿಯಲ್ಲಿ ಬರುವ ಬಂಕಾಪುರ ಹಾವೇರಿ ಜಿಲ್ಲೆಯದು. ಅಲ್ಲಿರುವುದು ನವಿಲುಧಾಮ. ಓದುಗರು ಎರಡನ್ನೂ ಬೆರೆಸಬಾರದು.) ಈ ಸುದ್ದಿ ಬಂದಾಗ ನಮ್ಮ ಕಡೆಯ ಬಸದಿಯ ಟ್ರಸ್ಟಿಗಳೊಬ್ಬರು ನನ್ನನ್ನು ಕೇಳಿದರು: ‘ಕುರಿಮರಿಯನ್ನು ಸೀಳಿ ತಿನ್ನುವ ಪ್ರಾಣಿಗೆ ಧಾಮ ಕಟ್ಟಿದರೆ ನಾವು ಅನುಮೋದನೆ ಕೊಡಬಹುದೇ? ಕೃತ-ಕಾರಿತ-ಅನುಮೋದನ ಮೂರೂ ದೋಷವಲ್ಲವೇ?’

ಪ್ರಶ್ನೆ ಹಗುರವಾದುದಲ್ಲ. ಇದಕ್ಕೆ ಉತ್ತರ ಹೇಳುವ ಮುನ್ನ ಇನ್ನೊಂದು ಪ್ರಶ್ನೆಯನ್ನು ಬಿಡಿಸಬೇಕಾಗುತ್ತದೆ. ನೂರು ತೋಳಗಳು ಸತ್ತರೆ ನೂರು ಜೀವಗಳ ಪ್ರಾಣಘಾತ. ತೋಳವೆಂಬ ಜಾತಿಯೇ ನಿರ್ನಾಮವಾದರೆ, ಆ ನೂರರ ಮೇಲೆ ಇನ್ನೇನಾದರೂ ಹಿಂಸೆ ಆದಂತಾಯಿತೇ? ಜೀವವೈವಿಧ್ಯ ಎಂಬ ಮಾತನ್ನು ಆಡುವವರೆಲ್ಲ ಜಾತಿಯ ಉಳಿವಿನ ಬಗ್ಗೆ ಮಾತಾಡುತ್ತಾರೆ. ನಮ್ಮ ಧರ್ಮವೋ ಒಂದೊಂದು ಜೀವದ ಬಗ್ಗೆ ಮಾತಾಡುತ್ತದೆ. ಆತ್ಮವಿರುವುದು ಜೀವಕ್ಕೆ, ಜಾತಿಗಲ್ಲ. ನೋವು ಜೀವಕ್ಕೆ, ಜಾತಿಗಲ್ಲ. ಹಾಗಾದರೆ ಜಾತಿಯ ನಾಶಕ್ಕೆ ಜೈನನು ವಿಶೇಷವಾಗಿ ಮರುಗಬೇಕೇಕೆ?

ಕೆಲವರು ಹೇಳುವುದುಂಟು: ಒಂದು ಜಾತಿ ಅಳಿದರೆ ಒಂದು ಯೋನಿಯ ಬಾಗಿಲು ಮುಚ್ಚಿತು, ಜೀವಗಳು ಹುಟ್ಟುವುದಕ್ಕೆ ಒಂದು ಎಡೆ ತಪ್ಪಿತು ಎಂದು. ಕೇಳುವುದಕ್ಕೆ ಸೊಗಸಾಗಿದೆ. ಆದರೆ ಯೋನಿ ಜಾತಿಯಲ್ಲವೆಂದು ಮೇಲೆಯೇ ನೋಡಿದೆವು. ಅಲ್ಲದೆ ತಿರ್ಯಂಚ ಗತಿಯ ಬಾಗಿಲು ಮುಚ್ಚಿದರೆ ಸಂತೋಷವೇ ಅಲ್ಲವೇ ಎಂದು ಯಾರಾದರೂ ಕೇಳಿದರೆ ಉತ್ತರವಿಲ್ಲ. ಈ ವಾದವನ್ನು ಬಿಟ್ಟುಬಿಡುವುದು ಲೇಸು.

ಸರಿಯಾದ ದಾರಿ ನಮ್ಮ ನ್ಯಾಯಶಾಸ್ತ್ರದಲ್ಲಿಯೇ ಇದೆ. ಮಾಣಿಕ್ಯನಂದಿ ಆಚಾರ್ಯರು ಪರೀಕ್ಷಾಮುಖದಲ್ಲಿ ಸಾಮಾನ್ಯವು ಎರಡು ಬಗೆಯೆಂದು ಹೇಳುತ್ತಾರೆ. ಒಂದೇ ವಸ್ತುವಿನ ಹಿಂದು-ಮುಂದಿನ ಪರ್ಯಾಯಗಳಲ್ಲಿ ಹರಿದುಬರುವುದು ಊರ್ಧ್ವತಾ ಸಾಮಾನ್ಯ. ಹಲವು ವ್ಯಕ್ತಿಗಳಲ್ಲಿ ಏಕಕಾಲಕ್ಕೆ ಕಾಣುವ ಸಮಾನ ಪರಿಣಾಮ ತಿರ್ಯಕ್ ಸಾಮಾನ್ಯ. ಹಲವು ಹಸುಗಳಲ್ಲಿರುವ ಗೋತ್ವವೇ ಅದಕ್ಕೆ ದೃಷ್ಟಾಂತ. ವೈಶೇಷಿಕರು ಹೇಳುವಂತೆ ಗೋತ್ವವು ಹಸುಗಳಿಂದ ಬೇರೆಯಾಗಿ ಎಲ್ಲೋ ನಿತ್ಯವಾಗಿ ನಿಂತಿರುವ ಪದಾರ್ಥವಲ್ಲ. ಬೌದ್ಧರು ಹೇಳುವಂತೆ ಅದು ಬರಿಯ ಮನಃಕಲ್ಪನೆಯೂ ಅಲ್ಲ. ಹಸುಗಳಲ್ಲಿಯೇ ಇರುವ, ಹಸುಗಳೊಂದಿಗೇ ಹೋಗುವ ನೈಜ ಧರ್ಮವದು. ಈ ದೃಷ್ಟಿಯಿಂದ ನೋಡಿದರೆ ಜೀವಿಜಾತಿ ಎಂಬುದು ಸತ್ಯವಾದ ವಸ್ತುಧರ್ಮ. ವೈಶೇಷಿಕನಿಗೆ ಕೊನೆಯ ತೋಳ ಸತ್ತರೂ ತೋಳತ್ವ ಉಳಿದಿರುತ್ತದೆ, ಚಿಂತೆಯಿಲ್ಲ. ನಮಗೆ ಹಾಗಲ್ಲ. ಕೊನೆಯ ತೋಳದೊಂದಿಗೆ ಅದೂ ಹೋಯಿತು.

ಆದರೂ ಹೋದದ್ದು ನಷ್ಟ ಎಂದಾಯಿತೇ ಹೊರತು ಹಿಂಸೆ ಎಂದಾಗಲಿಲ್ಲ. ಅದಕ್ಕೆ ಹಿಂಸೆಯ ಲಕ್ಷಣವನ್ನೇ ನೋಡಬೇಕು. ತತ್ತ್ವಾರ್ಥಸೂತ್ರದ ಪ್ರಕಾರ ಪ್ರಮತ್ತಯೋಗದಿಂದ, ಎಂದರೆ ಎಚ್ಚರಗೇಡಿತನದ ಮನೋವಾಕ್ಕಾಯ ಪ್ರವೃತ್ತಿಯಿಂದ, ಪ್ರಾಣಗಳನ್ನು ಹರಣ ಮಾಡುವುದೇ ಹಿಂಸೆ. ಕೋಪದಿಂದ ಕೊಲ್ಲುವುದು ಮಾತ್ರವಲ್ಲ, ನೋಡದೆ ಮಾಡುವುದೂ ಹಿಂಸೆ. ಜಗತ್ತಿನಲ್ಲಿ ಇಂದು ಅಳಿಯುತ್ತಿರುವ ಜೀವಿಜಾತಿಗಳನ್ನು ಯಾರಾದರೂ ದ್ವೇಷದಿಂದ ಅಳಿಸುತ್ತಿದ್ದಾರೆಯೇ? ಬಹುಮಟ್ಟಿಗೆ ಇಲ್ಲ. ಒಬ್ಬನು ಗದ್ದೆಗೆ ಔಷಧಿ ಹೊಡೆದ, ಇನ್ನೊಬ್ಬನು ಕಲ್ಲು ಒಡೆಸಿದ, ಮತ್ತೊಬ್ಬನು ಬೇಲಿ ಹಾಕಿಸಿದ. ಯಾರಿಗೂ ಕೊಲ್ಲುವ ಉದ್ದೇಶವಿಲ್ಲ, ಎಲ್ಲರೂ ಸೇರಿ ಕೊಂದರು. ಜಾತಿನಾಶವು ಪ್ರಮಾದದ ಹಿಂಸೆಯ ಪರಿಪೂರ್ಣ ಉದಾಹರಣೆ. ಬೇರೆ ನೀತಿಶಾಸ್ತ್ರಗಳು ಇದರಲ್ಲಿ ಅಪರಾಧಿಯನ್ನು ಹುಡುಕಿ ಸೋಲುತ್ತವೆ. ನಮ್ಮ ಲಕ್ಷಣ ಸೋಲುವುದಿಲ್ಲ.

ಇದಕ್ಕೆ ರಣಹದ್ದಿಗಿಂತ ಕಠೋರವಾದ ನಿದರ್ಶನ ನನಗೆ ಗೊತ್ತಿಲ್ಲ. ಐವತ್ತು ದಾಟಿದವರೆಲ್ಲ ಊರ ಹೊರಗೆ ಸತ್ತ ದನದ ಸುತ್ತ ರಣಹದ್ದುಗಳು ಕೂತಿದ್ದುದನ್ನು ನೋಡಿದ್ದಾರೆ. 1990ರ ದಶಕದ ಮಧ್ಯದಿಂದ ಅವು ದೇಶದಾದ್ಯಂತ ಬೀಳತೊಡಗಿದವು. 1992ರಿಂದ 2007ರ ನಡುವೆ ಬಿಳಿಬೆನ್ನಿನ ರಣಹದ್ದುಗಳ ಸಂಖ್ಯೆ ನೂರಕ್ಕೆ ತೊಂಬತ್ತೊಂಬತ್ತಕ್ಕಿಂತಲೂ ಹೆಚ್ಚು ಕುಸಿಯಿತು. ಕಾರಣ ಬಹುಕಾಲ ತಿಳಿಯಲಿಲ್ಲ. ಕಡೆಗೆ 2004ರಲ್ಲಿ, ಪಾಕಿಸ್ತಾನದಲ್ಲಿ ನಡೆಸಿದ ಪರೀಕ್ಷೆಯಿಂದ, ದನಗಳಿಗೆ ನೋವು-ಬಾವು ಇಳಿಸಲು ಕೊಡುವ ಡೈಕ್ಲೋಫೆನಾಕ್ ಎಂಬ ಔಷಧಿಯೇ ಕಾರಣವೆಂದು ಸಿದ್ಧವಾಯಿತು. ಆ ಔಷಧಿ ತೆಗೆದುಕೊಂಡ ದನ ಸತ್ತರೆ, ಅದರ ಮಾಂಸ ತಿಂದ ಹದ್ದಿನ ಮೂತ್ರಪಿಂಡ ಕೆಟ್ಟು ಕೆಲವೇ ದಿನಗಳಲ್ಲಿ ಸಾಯುತ್ತದೆ. 2006ರಲ್ಲಿ ಭಾರತ ಸರಕಾರ ಪಶುಗಳಿಗಾಗಿ ಅದರ ತಯಾರಿಕೆಯನ್ನು ನಿಷೇಧಿಸಿತು. ಮನುಷ್ಯರ ಹೆಸರಿನಲ್ಲಿ ಮಾರುವ ದೊಡ್ಡ ಸೀಸೆಗಳು ದನಗಳಿಗೆ ಹೋಗುತ್ತಿದ್ದುದರಿಂದ 2015ರಲ್ಲಿ ಸೀಸೆಯ ಅಳತೆಯನ್ನು 3 ಮಿಲಿಲೀಟರಿಗೆ ಇಳಿಸಲಾಯಿತು. ಅದೇ ದೋಷವುಳ್ಳ ಕೀಟೋಪ್ರೋಫೆನ್ ಮತ್ತು ಅಸಿಕ್ಲೋಫೆನಾಕ್‌ಗಳನ್ನು 2023ರಲ್ಲಿ ಪಶುಗಳ ಮಟ್ಟಿಗೆ ನಿಷೇಧಿಸಲಾಯಿತು. ಮೆಲಾಕ್ಸಿಕಾಮ್ ಎಂಬ ನಿರಪಾಯವಾದ ಬದಲಿ ಇದೆ. ನಮ್ಮ ರಾಜ್ಯದಲ್ಲಿ 2012ರಲ್ಲಿ ರಾಮನಗರದ ರಾಮದೇವರ ಬೆಟ್ಟವನ್ನು ರಣಹದ್ದುಧಾಮವೆಂದು ಸಾರಲಾಯಿತು. ಹದ್ದುಗಳು ಅಷ್ಟರಲ್ಲಿ ಬೆರಳೆಣಿಕೆಗೆ ಬಂದಿದ್ದವು.

ಈಗ ವಿಚಾರಿಸಿರಿ. ಆ ಸೂಜಿಮದ್ದನ್ನು ಕೊಟ್ಟ ಕೈ ಯಾವುದು? ದಯೆಯ ಕೈ. ಕುಂಟುವ ಮುದಿ ಹಸುವಿನ ನೋವನ್ನು ನೋಡಲಾರದೆ ಕೊಟ್ಟದ್ದು. ಅಂಥ ಮುದಿ ದನಗಳನ್ನು ಕೊನೆಯುಸಿರಿನವರೆಗೆ ಸಾಕುವ ಪಾಂಜರಪೋಳಗಳನ್ನು, ಗೋಶಾಲೆಗಳನ್ನು ದೇಶದಲ್ಲಿ ನಡೆಸುವವರಲ್ಲಿ ನಮ್ಮ ಸಮಾಜದ ಪಾಲು ದೊಡ್ಡದು. ಪಂಚೇಂದ್ರಿಯವೊಂದರ ಮೇಲಿನ ಕರುಣೆ ಇನ್ನೊಂದು ಪಂಚೇಂದ್ರಿಯದ ಕುಲಕ್ಕೇ ಕಾಲವಾಯಿತು. ಕರುಣೆ ತಪ್ಪಲ್ಲ, ಕರುಣೆಯ ಹಿಂದೆ ಇರಬೇಕಾದ ಜ್ಞಾನ ಇರಲಿಲ್ಲ. 2006ಕ್ಕೆ ಮೊದಲು ಅದನ್ನು ಅಜ್ಞಾನ ಎನ್ನಬಹುದು. ಇಂದೂ ನಮ್ಮ ಯಾವುದಾದರೂ ಗೋಶಾಲೆಯಲ್ಲಿ ವೈದ್ಯರು ಬರೆದ ಚೀಟಿಯನ್ನು ನೋಡದೆ ಔಷಧಿ ತರಿಸುತ್ತಿದ್ದರೆ ಅದಕ್ಕೆ ಪ್ರಮಾದವೆಂದೇ ಹೆಸರು.

ಹದ್ದುಗಳು ಹೋದ ಮೇಲೆ ಏನಾಯಿತೆಂಬುದೂ ತಿಳಿಯಬೇಕಾದ ಸಂಗತಿ. ಹೆಣಗಳು ಕೊಳೆತವು, ನೀರು ಕೆಟ್ಟಿತು, ಬೀದಿನಾಯಿಗಳು ಹೆಚ್ಚಿದವು. ಇಬ್ಬರು ಅರ್ಥಶಾಸ್ತ್ರಜ್ಞರು 2024ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ 2000ದಿಂದ 2005ರವರೆಗಿನ ಅವಧಿಯಲ್ಲಿ ಇದರಿಂದ ಹೆಚ್ಚುವರಿಯಾಗಿ ಸತ್ತ ಮನುಷ್ಯರು ಸುಮಾರು ಐದು ಲಕ್ಷ. ಅಂದಾಜು ಹೆಚ್ಚೆನಿಸಿದರೆ ಅರ್ಧ ಮಾಡಿಕೊಳ್ಳಿರಿ. ಆಗಲೂ ಎದೆ ನಡುಗುವ ಸಂಖ್ಯೆಯೇ. ಜೀವಗಳು ಪರಸ್ಪರ ಉಪಕಾರದಿಂದ ನಿಂತಿವೆ ಎಂಬ ಸೂತ್ರಾರ್ಥವನ್ನು ನಾವು ಲಾಂಛನದ ಕೆಳಗೆ ಬರೆಸಿ ಗೋಡೆಗೆ ತೂಗುಹಾಕಿದ್ದೇವೆ. ಹೆಣ ತಿನ್ನುವ ಹಕ್ಕಿಯೂ ಆ ಉಪಕಾರಿಗಳ ಪಟ್ಟಿಯಲ್ಲಿದೆ ಎಂದು ನಮ್ಮಲ್ಲಿ ಎಷ್ಟು ಜನ ಎಣಿಸಿದ್ದೆವು?

ತೋಳದ ಪ್ರಶ್ನೆಗೆ ಬರುತ್ತೇನೆ. ಅಮೃತಚಂದ್ರ ಆಚಾರ್ಯರ ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇದಕ್ಕೆ ನೇರವಾದ ಉತ್ತರವಿದೆ. ಒಂದು ಹಿಂಸ್ರ ಪ್ರಾಣಿಯನ್ನು ಕೊಂದರೆ ಅನೇಕ ಜೀವಗಳ ರಕ್ಷಣೆಯಾಗುತ್ತದೆಂದು ಭಾವಿಸಿ ಅದನ್ನು ಕೊಲ್ಲಬಾರದೆಂದು ಅವರು ಸ್ಪಷ್ಟವಾಗಿ ನಿಷೇಧಿಸುತ್ತಾರೆ. ಬಹಳ ಕೊಂದು ಅದು ಬಹಳ ಪಾಪ ಕಟ್ಟಿಕೊಳ್ಳುತ್ತದೆಂಬ ಅನುಕಂಪದ ನೆಪದಿಂದಲೂ ಕೂಡದು ಎನ್ನುತ್ತಾರೆ. ಸಾವಿರ ವರ್ಷಗಳ ಹಿಂದೆಯೇ ಇಂಥ ತರ್ಕ ಹೂಡುವವರಿದ್ದರು ಎಂದಾಯಿತು. ಆದ್ದರಿಂದ ತೋಳವನ್ನು ಕೊಲ್ಲುವುದಕ್ಕಾಗಲಿ ಕೊಲ್ಲುವವರನ್ನು ಮೆಚ್ಚುವುದಕ್ಕಾಗಲಿ ಜೈನನಿಗೆ ಅವಕಾಶವಿಲ್ಲ. ಹಾಗೆಂದು ತೋಳಕ್ಕೆ ಮಾಂಸ ಹಾಕಿ ಪೋಷಿಸಬಹುದೇ? ಅದೂ ಇಲ್ಲ. ಆಶಾಧರ ಪಂಡಿತರ ಸಾಗಾರಧರ್ಮಾಮೃತದಲ್ಲಿ ಎಣಿಸಿರುವ ಹದಿನೈದು ಖರಕರ್ಮಗಳಲ್ಲಿ ಹಿಂಸ್ರ ಪ್ರಾಣಿಗಳನ್ನು ಸಾಕುವುದೂ ಒಂದು. ಆದರೆ ಧಾಮವೆಂದರೆ ಸಾಕುವುದಲ್ಲ, ಇದ್ದಲ್ಲಿ ಇರಗೊಡುವುದು. ಆ 332 ಹೆಕ್ಟೇರುಗಳಲ್ಲಿ ಮಾಡಬೇಕಾದದ್ದು ಬಹುಮಟ್ಟಿಗೆ ಏನನ್ನೂ ಮಾಡದಿರುವುದೇ. ಅಭಯದಾನದ ಅತ್ಯಂತ ಸರಳ ರೂಪ ಅದು.

ನಮ್ಮ ತೋಳಕ್ಕೆ ಶಾಸ್ತ್ರೀಯವಾದ ಹೆಸರು ಬಿದ್ದದ್ದು ಇದೇ ದಖ್ಖಣದ ನೆಲದಿಂದ. 1831ರಲ್ಲಿ ಸೈಕ್ಸ್ ಎಂಬ ಸೇನಾಧಿಕಾರಿ ಇಲ್ಲಿಯ ತೋಳವನ್ನು ವರ್ಣಿಸಿ ಪ್ರಕಟಿಸಿದನು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಅದಕ್ಕೆ ಸ್ಥಾನವಿದೆ. ದೇಶದಲ್ಲಿ ಅವುಗಳ ಸಂಖ್ಯೆ ಮೂರು ಸಾವಿರದ ಆಸುಪಾಸು ಎಂದು ಅಂದಾಜು. ಹುಲಿಯ ಸಂಖ್ಯೆಗಿಂತ ಹೆಚ್ಚೇನೂ ಅಲ್ಲ. ಹುಲಿಗೆ ಕಾಡಿದೆ, ಯೋಜನೆಯಿದೆ, ಪ್ರವಾಸಿಗರಿದ್ದಾರೆ. ತೋಳವಿರುವುದು ಗುಡ್ಡದ ಬದಿಯ ಹುಲ್ಲುಗಾವಲಿನಲ್ಲಿ, ಕುರಿಹಟ್ಟಿಯ ಮಗ್ಗುಲಲ್ಲಿ. ಕುರುಬ ಹಿರಿಯರ ಬಾಯಲ್ಲಿ, ತೋಳ ಒಯ್ದ ಮರಿಯನ್ನು ‘ಅದರ ಪಾಲು’ ಎಂದು ಬಿಟ್ಟುಬಿಡುವ ಮಾತನ್ನು ನಾನೂ ಕೇಳಿದ್ದೇನೆ. ಬಡವನು ತನ್ನ ಒಂದು ಮರಿಯನ್ನು ಬಿಟ್ಟುಕೊಟ್ಟು ಆ ಮಾತಾಡುವಾಗ, ಏನನ್ನೂ ಕಳೆದುಕೊಳ್ಳದ ನಾವು ಅನುಮೋದನ ದೋಷದ ಚರ್ಚೆ ಮಾಡುತ್ತಿದ್ದೇವೆ.

ಹಾಗಾದರೆ ಬಸದಿಯ ಜೀವದಯಾ ನಿಧಿಯಿಂದ ಆ ಕುರುಬನಿಗೆ ಮರಿಯ ಬೆಲೆಯನ್ನು ಕಟ್ಟಿಕೊಡಬಹುದೇ? ನನಗೆ ಕೊಡಬೇಕೆನಿಸುತ್ತದೆ. ಆದರೆ ಆ ಮರಿ ತೋಳದ ಬಾಯಿಗೆ ಬೀಳದಿದ್ದರೆ ಸಂತೆಗೆ ಹೋಗಿ ಕಟುಕನ ಕೈ ಸೇರುತ್ತಿತ್ತು. ನಾವು ಕೊಟ್ಟ ದುಡ್ಡಿನಿಂದ ಇನ್ನೊಂದು ಮರಿ ಬಂದು ಅದೂ ಅಲ್ಲಿಗೇ ಹೋಗುತ್ತದೆ. ಕೊಡದಿದ್ದರೆ ಅವನು ಬೇಸತ್ತು ತೋಳದ ಗವಿಗೆ ಹೊಗೆ ಹಾಕಿಯಾನು. ಈ ತೊಡಕಿಗೆ ನನ್ನಲ್ಲಿ ಪೂರ್ಣ ಸಮಾಧಾನವಿಲ್ಲ. ಪೂಜ್ಯ ಮುನಿಗಳಲ್ಲಿ, ವಿದ್ವಾಂಸರಲ್ಲಿ ಯಾರಾದರೂ ಇದೇ ಪತ್ರಿಕೆಯಲ್ಲಿ ವಿಚಾರಿಸಬೇಕೆಂದು ಪ್ರಾರ್ಥನೆ. ಹಣದ ಬದಲು ಹಟ್ಟಿಗೆ ಗಟ್ಟಿಯಾದ ಬೇಲಿ, ಕಾವಲು ನಾಯಿಗಳಿಗೆ ಲಸಿಕೆ ಇವನ್ನು ಒದಗಿಸಿದರೆ ದೋಷ ಕಡಿಮೆಯೆಂದು ತೋರುತ್ತದೆ. ನಾಯಿಯ ಮಾತು ಬಂದದ್ದರಿಂದ ಹೇಳುತ್ತೇನೆ: ಊರ ಹೊರಗೆ ಬೀದಿನಾಯಿಗಳಿಗೆ ಅನ್ನ ಹಾಕುವ ಜೀವದಯೆ ತೋಳಕ್ಕೆ ದೊಡ್ಡ ಕುತ್ತಾಗಿದೆ. ನಾಯಿಗಳ ರೋಗ ತೋಳಕ್ಕೆ ಹತ್ತುತ್ತದೆ. ಎರಡೂ ಕೂಡಿ ಬೆರಕೆ ಸಂತಾನ ಹುಟ್ಟುತ್ತದೆ. ಪುಣೆಯ ಸುತ್ತ ಅಂಥ ಬೆರಕೆ ಸಿಕ್ಕಿದ್ದು ಪರೀಕ್ಷೆಯಿಂದ ಖಚಿತವಾಗಿದೆ. ಯಾರೂ ಕೊಲ್ಲದೆಯೇ ಒಂದು ಜಾತಿ ಕರಗಿಹೋಗಬಹುದು.

ಕೊಪಣವೆಂದು ಶಾಸನಗಳಲ್ಲಿ ಮಹಾತೀರ್ಥವಾಗಿ ಕೊಂಡಾಡಿಸಿಕೊಂಡ ಕೊಪ್ಪಳದ ಬೆಟ್ಟಗಳಲ್ಲಿ, ಗವಿಮಠ ಮತ್ತು ಪಾಲ್ಕಿಗುಂಡು ಎಂಬೆಡೆ, ಅಶೋಕನ ಕಿರುಶಾಸನಗಳಿವೆ. 1931ರಲ್ಲಿ ಬೆಳಕಿಗೆ ಬಂದವು. ಉತ್ತರ ಭಾರತದಲ್ಲಿರುವ ಅವನ ಐದನೆಯ ಸ್ತಂಭಶಾಸನ ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರ. ಪಟ್ಟಾಭಿಷೇಕದ ಇಪ್ಪತ್ತಾರನೆಯ ವರ್ಷದಲ್ಲಿ ಅವಧ್ಯವೆಂದು ಸಾರಿದ ಪ್ರಾಣಿಗಳ ಪಟ್ಟಿ ಅದರಲ್ಲಿದೆ: ಗಿಳಿ, ಗೊರವಂಕ, ಚಕ್ರವಾಕ, ಬಾವಲಿ, ಇರುವೆ, ಆಮೆ, ಮುಳ್ಳುಹಂದಿ, ಅಳಿಲು ಹೀಗೆ. ಕೊನೆಗೆ, ಬಳಕೆಗೂ ಬಾರದ ಆಹಾರಕ್ಕೂ ಒದಗದ ಎಲ್ಲ ಚತುಷ್ಪಾದಗಳೂ ಅವಧ್ಯವೆಂದು ಸೇರಿಸಿದ್ದಾನೆ. ಜೀವಗಳಿರುವ ಹೊಟ್ಟನ್ನು ಸುಡಬಾರದು, ಕಾರಣವಿಲ್ಲದೆ ಕಾಡಿಗೆ ಬೆಂಕಿಯಿಡಬಾರದು ಎಂದೂ ಇದೆ. ಬತ್ತದ ಹುಲ್ಲಿಗೆ ಬೆಂಕಿಯಿಡುವ ನಮ್ಮ ಗಂಗಾವತಿ ಸೀಮೆಯ ರೈತರಿಗೆ, ಅವರ ಬತ್ತವನ್ನು ಕೊಳ್ಳುವ ನಮ್ಮಂಥ ಅಡತಿ ವ್ಯಾಪಾರಿಗಳಿಗೆ ಇದನ್ನು ಓದಿ ಹೇಳಬೇಕು. ಬಾವಲಿಯ ಕಥೆ ಇನ್ನೂ ವಿಚಿತ್ರ. ಅಶೋಕನು ರಕ್ಷಿಸಿದ ಬಾವಲಿಯ ಕುಲದಲ್ಲಿ ಹಣ್ಣು ತಿನ್ನುವವನ್ನು 1972ರ ಕಾಯಿದೆಯು ಕಾಗೆ, ಇಲಿಗಳೊಂದಿಗೆ ಉಪದ್ರವಕಾರಿ ಎಂಬ ಅನುಸೂಚಿಗೆ ಸೇರಿಸಿತ್ತು. ಆ ಅನುಸೂಚಿಯನ್ನು 2022ರ ತಿದ್ದುಪಡಿಯಲ್ಲಿ ತೆಗೆದುಹಾಕಲಾಯಿತು. ಯಾವ ಕಪಾಟಿನಲ್ಲಿ ಇಡುತ್ತೇವೆಂಬುದರ ಮೇಲೆ ಪ್ರಾಣವೇ ನಿಂತಿರುತ್ತದೆ.

ಪ್ರಾಣಿಗೆ ಹೇಗೋ ನೆಲಕ್ಕೂ ಹಾಗೆ. ಬಳಕೆಗೆ ಬಾರದ್ದನ್ನು ಅಶೋಕನು ಕಾಯಬೇಕೆಂದ. ನಮ್ಮ ದಫ್ತರಗಳು ಬಳಕೆಗೆ ಬಾರದ ನೆಲವನ್ನು ಪಾಳು, ಖರಾಬು, ಬಂಜರು ಎಂದು ಬರೆದಿವೆ. ಕೇಂದ್ರ ಸರಕಾರವು ಆಗಾಗ ಪ್ರಕಟಿಸುವ ಬಂಜರು ಭೂಮಿಯ ನಕಾಶೆ ಪುಸ್ತಕದಲ್ಲಿ ಕುರುಚಲು ಗಿಡಗಳ ನೆಲವೂ ಬಂಜರೆಂದೇ ಗಣನೆಯಾಗಿದೆ. ತೋಳ, ನರಿ, ಕೃಷ್ಣಮೃಗ, ಮೊಲ, ಉಡ ಇವೆಲ್ಲ ಇರುವುದು ಆ ನೆಲದಲ್ಲಿ. ಬಳ್ಳಾರಿಯ ಸಿರುಗುಪ್ಪದ ಎರೆಹೊಲಗಳಲ್ಲಿ ಅಲ್ಲೊಂದು ಇಲ್ಲೊಂದು ಕಂಡಿರುವ ಹೆಬ್ಬಕ ಪಕ್ಷಿ ಇಡೀ ದೇಶದಲ್ಲಿ ನೂರೈವತ್ತಕ್ಕೆ ಕಡಿಮೆ ಉಳಿದಿದೆ. ಆನೆಗುಂದಿಯ ಬಂಡೆಗುಡ್ಡಗಳಲ್ಲಿ ಹಳದಿ ಕೊರಳಿನ ಪಿಕಳಾರವೆಂಬ ಹಕ್ಕಿಯಿದೆ. ದಕ್ಷಿಣ ಭಾರತವನ್ನು ಬಿಟ್ಟರೆ ಜಗತ್ತಿನಲ್ಲಿ ಅದು ಇನ್ನೆಲ್ಲಿಯೂ ಇಲ್ಲ. ತುಂಗಭದ್ರೆಯಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ಹರಿವನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಸಾರಲಾಯಿತು. ಸಿಡಿಮದ್ದಿನಿಂದ ಮೀನು ಹಿಡಿಯುವವರ ಕೈಯಿಂದ ಅವನ್ನು ಉಳಿಸಿಕೊಳ್ಳುವುದೇ ಅಲ್ಲಿ ದೊಡ್ಡ ಕೆಲಸ.

ಬಳ್ಳಾರಿ ಜಾಲಿಯ ವಿಷಯದಲ್ಲಿ ಮಾತ್ರ ನಮ್ಮವರು ಎಡವುತ್ತಾರೆ. ಹೊರದೇಶದಿಂದ ಬಂದು ಗಾಯರಾಣಗಳನ್ನೆಲ್ಲ ನುಂಗಿದ ಆ ಮುಳ್ಳುಗಿಡವನ್ನು ಕೀಳಿಸುವುದು ವನಸ್ಪತಿಕಾಯದ ಹಿಂಸೆಯಲ್ಲವೇ ಎಂದು ಕೇಳುತ್ತಾರೆ. ಹಿಂಸೆಯೇ. ಗೃಹಸ್ಥನ ಅಣುವ್ರತದಲ್ಲಿ ಸ್ಥಾವರಹಿಂಸೆಯ ಪೂರ್ಣ ತ್ಯಾಗವಿಲ್ಲ, ಪ್ರಯೋಜನವಿಲ್ಲದ ಹಿಂಸೆಯ ತ್ಯಾಗವಿದೆ. ಹುಲ್ಲು ಮತ್ತೆ ಬರಲೆಂದು ಕೀಳಿಸುವುದಕ್ಕೆ ಪ್ರಯೋಜನವುಂಟು. ಅದೇ ಮನುಷ್ಯರು ಗುಡ್ಡವನ್ನೇ ಕಲ್ಲುಕ್ವಾರಿಗೆ ಲೀಸ್ ಹಿಡಿಯುವಾಗ ಈ ಪ್ರಶ್ನೆ ಎತ್ತುವುದನ್ನು ನಾನು ಕಂಡಿಲ್ಲ. ಖರಕರ್ಮಗಳ ಪಟ್ಟಿಯನ್ನು ತೆಗೆದು ಓದಿರಿ: ಕಾಡು ಕಡಿದು ಮಾರುವುದು, ಕಾಡಿಗೆ ಬೆಂಕಿಯಿಡುವುದು, ನೆಲ-ಕಲ್ಲು ಸಿಡಿಸುವ ಉದ್ಯೋಗ, ಕೆರೆ ಬತ್ತಿಸುವುದು, ವಿಷದ ವ್ಯಾಪಾರ. ಆಚಾರ್ಯರು ನಮ್ಮ ವ್ಯಾಪಾರಿಗಳನ್ನು ಚೆನ್ನಾಗಿ ಬಲ್ಲವರಾಗಿದ್ದರು. ಇದು ರಾತ್ರಿಭೋಜನ ತ್ಯಾಗದಷ್ಟು ಬಳಕೆಯಲ್ಲಿ ಉಳಿಯದೆ ಹೋದದ್ದಕ್ಕೆ ಕಾರಣ, ಊಟದ ವ್ರತಕ್ಕೆ ಖರ್ಚಿಲ್ಲ, ವ್ಯಾಪಾರದ ವ್ರತಕ್ಕೆ ಖರ್ಚಿದೆ.

ಟ್ರಸ್ಟುಗಳು ಮಾಡಬಹುದಾದ ಕೆಲಸಗಳಲ್ಲಿ ಎರಡನ್ನು ಮಾತ್ರ ಹೇಳುತ್ತೇನೆ. ಪರ್ವದ ದಿನಗಳಲ್ಲಿ ಸಂತೆಯಿಂದ ಹಕ್ಕಿ, ಮೀನು, ಆಮೆಗಳನ್ನು ಕೊಂಡು ಬಿಡುವ ಪದ್ಧತಿ ಕೆಲವೆಡೆ ಇದೆ. ಕೊಳ್ಳುವವರಿದ್ದಾರೆಂದು ಹಿಡಿಯುವವರು ಹೆಚ್ಚು ಹಿಡಿಯುತ್ತಾರೆ. ವ್ಯಾಪಾರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲದೆ ಆಫ್ರಿಕಾದ ಕ್ಯಾಟ್‌ಫಿಶ್, ಅಮೆರಿಕದ ಕೆಂಪುಕಿವಿಯ ಆಮೆ ಇಂಥವು ಕೆರೆಗೆ ಬಿದ್ದರೆ ಅಲ್ಲಿಯ ಮೀನು-ಕಪ್ಪೆಗಳನ್ನು ತಿಂದು ಮುಗಿಸುತ್ತವೆ. ಏನನ್ನು ಬಿಡುತ್ತಿದ್ದೇವೆಂದು ತಿಳಿಯದೆ ಬಿಡಬಾರದು. ಎರಡನೆಯದು, 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದು ಊರಿನ ಗಿಡ-ಮರ-ಪ್ರಾಣಿ-ತಳಿಗಳ ಜನತಾ ದಾಖಲಾತಿಯನ್ನು ಬರೆದಿಡಬೇಕು. ಅನೇಕ ಕಡೆ ಅದು ಕಾಗದದ ಮೇಲಷ್ಟೇ ಉಳಿದಿದೆ. ಬಸದಿಯ ಪಾಠಶಾಲೆಯ ಮಕ್ಕಳು ಏಕೇಂದ್ರಿಯ-ದ್ವೀಂದ್ರಿಯಗಳ ಪಾಠವನ್ನು ಬಾಯಿಪಾಠ ಮಾಡಿದ ಮೇಲೆ ಕುರುಬರ ಹಿರಿಯರೊಬ್ಬರನ್ನು ಜೊತೆ ಮಾಡಿಕೊಂಡು ಊರ ಗುಡ್ಡ ಹತ್ತಿ, ಅಲ್ಲಿರುವ ಹುಲ್ಲು, ಹುಳು, ಹಕ್ಕಿಗಳ ಹೆಸರುಗಳನ್ನು ಅವರ ಬಾಯಿಂದ ಕೇಳಿ ಬರೆದುಕೊಂಡು ಬರಬಹುದು. ಚಾತುರ್ಮಾಸದ ದಿನಗಳು ಇದಕ್ಕೆ ಅನುಕೂಲ. ಮಳೆ ಬಿದ್ದ ಮೇಲೆ ಅಲ್ಲಿಯ ಜೀವಗಳೆಲ್ಲ ಹೊರಬಿದ್ದಿರುತ್ತವೆ. ಆ ಪಟ್ಟಿಯನ್ನು ಪಂಚಾಯಿತಿಗೆ ಒಪ್ಪಿಸಿ ಸ್ವೀಕೃತಿಯ ಚೀಟಿ ಪಡೆದಿಟ್ಟುಕೊಂಡರೆ, ಮುಂದೆ ಯಾರಾದರೂ ಆ ಗುಡ್ಡವನ್ನು ಬಂಜರೆಂದು ಬರೆದು ಲೀಸಿಗೆ ಕೇಳಿದಾಗ ತೋರಿಸುವುದಕ್ಕೆ ಕೈಯಲ್ಲಿ ಒಂದು ಕಾಗದವಾದರೂ ಇರುತ್ತದೆ.